ಹುಳು ಮನೆ ಚಿತ್ರಕ್ಕೆ ಸಂಗೀತ ಹುಡುಕಿದ್ದು

ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಕಳೆದು ಎದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಸುಮ್ಮನೆ ನಿಂತು ಕಿವಿಗೊಟ್ಟರೆ ಸಣ್ಣಗೆ ಮಳೆ ಹಿಡಿದ ಹಾಗೆ ಸದ್ದು ಕೇಳುತ್ತದೆ. ಶಿಡ್ಲಘಟ್ಟದ ಕಡೆಯವರಿಗೆ ಇದು ಹೊಸದೇನಲ್ಲ. ಆ ಸದ್ದಿನಿಂದಲೇ ಶುರುವಾಗುವ ಒಂದು ಚಿಕ್ಕ ಸಾಕ್ಷ್ಯಚಿತ್ರ ಮಾಡಿದೆ. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬರುವುದರಿಂದ ಹಿಡಿದು, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ, ಮಾರುಕಟ್ಟೆ ದಾಟಿ, ರೀಲರ್ ಮನೆಯ ಬಿಸಿನೀರಿನಲ್ಲಿ ನೂಲಿನ ಎಳೆ ಸಿಗುವವರೆಗೆ ಅದರ ಕಥೆ.

ನನ್ನ ಹೊಟ್ಟೆಪಾಡು ಮದುವೆ, ಗೃಹಪ್ರವೇಶ, ಅಂಗಡಿ ಜಾಹೀರಾತಿನ ವಿಡಿಯೋಗಳು. ಇಂಥ ಚಿತ್ರ ನನ್ನ ಆಸೆಗೆ ಮಾಡುವಂಥದ್ದು. ಅದಕ್ಕೆ ಸಂಗೀತ ನಿರ್ದೇಶಕರನ್ನು ಹಿಡಿಯುವಷ್ಟು ದುಡ್ಡಿಲ್ಲ. ಸಿನಿಮಾ ಹಾಡು ಹಾಕುವ ಹಾಗಿಲ್ಲ. ಹಾಗಾಗಿ ಕಲಾವಿದರೇ "ತಗೊಳ್ಳಿ, ಬಳಸಿಕೊಳ್ಳಿ" ಎಂದು ಮುಕ್ತವಾಗಿ ಬಿಟ್ಟಿರುವ ಸಂಗೀತದ ದಾರಿ ಹಿಡಿದೆ. ಈಗ ನನ್ನ ಬಹುಪಾಲು ಕೆಲಸಕ್ಕೆ ಅದನ್ನೇ ಬಳಸುತ್ತೇನೆ. ಹೇಗೆ ಬಳಸುತ್ತೇನೆ ಅಂತ ನನ್ನ ಹಾಗೆ ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಮೆರಾ ಹಿಡಿದು ಬದುಕುವವರಿಗೆ ಹೇಳಬೇಕು ಅನ್ನಿಸಿತು.

ಮೊದಲು ಒಂದು ಮಾತು. ಯೂಟ್ಯೂಬಿನಲ್ಲಿ "ನೋ ಕಾಪಿರೈಟ್ ಮ್ಯೂಸಿಕ್" ಅಂತ ಹುಡುಕಿದರೆ ರಾಶಿ ರಾಶಿ ಬರುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ. ಹಾಗೆಂದು ಬರೆದವರು ಆ ಸಂಗೀತ ಮಾಡಿದವರೇ ಆಗಿರಬೇಕೆಂದಿಲ್ಲ. ಯಾರದೋ ಹೊಲದ ಬೆಳೆಯನ್ನು ಇನ್ಯಾರೋ "ಕೊಯ್ದುಕೊಳ್ಳಿ" ಅಂದರೆ ಅದಕ್ಕೆ ಬೆಲೆಯಿಲ್ಲ, ಅಲ್ವಾ? ಕಲಾವಿದರ ಸ್ವಂತ ಪುಟ, ಇಲ್ಲವೇ ಪ್ರತಿ ಹಾಡಿನ ಪಕ್ಕದಲ್ಲೂ ಯಾವ ಲೈಸೆನ್ಸ್ ಎಂದು ಬರೆದಿರುವ ಜಾಗ, ಇವೆರಡೇ ನನಗೆ ಬೇಕು. ಫ್ರೀ ಮ್ಯೂಸಿಕ್ ಆರ್ಕೈವ್, ಸಿಸಿ ಮಿಕ್ಸ್ಟರ್, ವಿಕಿಮೀಡಿಯಾ ಕಾಮನ್ಸ್ ಅಂಥವು. ಬಿಡಿ ಬಿಡಿ ಸದ್ದುಗಳಿಗೆ ಫ್ರೀಸೌಂಡ್. ಯೂಟ್ಯೂಬಿನ ಆಡಿಯೋ ಲೈಬ್ರರಿಯೂ ಚೆನ್ನಾಗಿದೆ. ಅಲ್ಲಿ ಹೆಸರು ಹಾಕಲೇಬೇಕಾದ ಸಂಗೀತವೂ ಇದೆ, ಹಾಕದಿದ್ದರೂ ನಡೆಯುವ ಸಂಗೀತವೂ ಇದೆ. ಯಾವುದು ಯಾವುದೆಂದು ಅಲ್ಲೇ ಗುರುತು ಹಾಕಿರುತ್ತಾರೆ.

ಲೈಸೆನ್ಸ್ ವಿಚಾರಕ್ಕೆ ಬರೋಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕ್ರಿಯೇಟಿವ್ ಕಾಮನ್ಸ್ ಅನ್ನೋ ಸಂಸ್ಥೆ 2002ರಲ್ಲಿ ಮೊದಲ ಸಲ ಈ ಲೈಸೆನ್ಸ್‌ಗಳನ್ನು ಹೊರತಂದಿತು. ಈಗ ಜಾಸ್ತಿ ಕಾಣುವ 4.0 ಆವೃತ್ತಿ ಬಂದದ್ದು 2013ರಲ್ಲಿ. ಕಲಾವಿದರು ಹಕ್ಕು ತಮ್ಮ ಹತ್ತಿರವೇ ಇಟ್ಟುಕೊಂಡು, ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದು ಎಂದು ಮೊದಲೇ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್. ಸಿಸಿ ಬೈ ಅಂದರೆ ಹೆಸರು ಹಾಕಿ, ಏನು ಬೇಕಾದರೂ ಮಾಡಿಕೊಳ್ಳಿ. ಎನ್‌ಸಿ ಸೇರಿದರೆ ವ್ಯಾಪಾರಕ್ಕೆ ಬೇಡ. ಎಸ್‌ಎ ಸೇರಿದರೆ ಇದನ್ನು ಬಳಸಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಬಿಡಬೇಕು. ಎನ್‌ಡಿ ಸೇರಿದರೆ ಬದಲಾಯಿಸಿ ಹಂಚಬಾರದು. ಸಿಸಿ ಝೀರೋ ಎಂದಿದ್ದರೆ ಯಾವ ಷರತ್ತೂ ಇಲ್ಲ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಕೆಲಸಕ್ಕೆ ಬಂದಾಗ ಇದರ ಅರ್ಥವೇನು ಅನ್ನೋದು ಮುಖ್ಯ.

ಎನ್‌ಡಿ ಇರುವ ಸಂಗೀತ ವಿಡಿಯೋದವರಿಗೆ ಬರುವುದೇ ಇಲ್ಲ. "ನಾನು ಒಂದು ಸೆಕೆಂಡೂ ಕತ್ತರಿಸಿಲ್ಲ, ಹಾಗೇ ಹಾಕಿದ್ದೀನಿ" ಅಂದರೂ ಆಗದು. ಓಡುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸಿದರೆ ಅದು ಬದಲಾಯಿಸಿದ ಹಾಗೆಯೇ ಲೆಕ್ಕ ಎಂದು 4.0 ಲೈಸೆನ್ಸಿನ ಮೊದಲ ಭಾಗದಲ್ಲೇ ಬರೆದಿದೆ. ಬಹಳ ಜನ ವಿಡಿಯೋ ಗೆಳೆಯರಿಗೆ ಈ ಸಾಲು ಗೊತ್ತಿಲ್ಲ. ಹುಳು ಮನೆ ಚಿತ್ರಕ್ಕೆ ನನಗೆ ತುಂಬ ಹಿಡಿಸಿದ ಒಂದು ಕೊಳಲಿನ ತುಣುಕು ಎನ್‌ಡಿ ಆಗಿತ್ತು. ಅದನ್ನು ಅಲ್ಲೇ ಬಿಟ್ಟೆ.

ಎಸ್‌ಎ ಬಗ್ಗೆಯೂ ಹೀಗೇ ಯೋಚಿಸಬೇಕು. ಅದೇ ಹೊಂದಿಸುವ ಮಾತಿನಿಂದಾಗಿ, ಎಸ್‌ಎ ಸಂಗೀತ ಹಾಕಿದ ವಿಡಿಯೋವನ್ನು ನಾಲ್ಕು ಜನರಿಗೆ ಬಿಟ್ಟರೆ ವಿಡಿಯೋ ಪೂರ್ತಿ ಎಸ್‌ಎ ಆಗಬೇಕು. ರೇಷ್ಮೆ ಚಿತ್ರಕ್ಕೆ ಅದು ಒಳ್ಳೆಯದೇ. ಯಾವ ಶಾಲೆಯವರು ಬೇಕಾದರೂ ತೆಗೆದುಕೊಂಡು ತೋರಿಸಲಿ, ತುಂಡು ಮಾಡಿ ಬಳಸಲಿ ಅನ್ನೋದೇ ನನ್ನ ಆಸೆಯಾಗಿತ್ತು. ಅದೇ ಒಂದು ಮದುವೆ ವಿಡಿಯೋ ಆದರೆ? ಮದುಮಗಳ ಮುಖ, ಅಜ್ಜಿಯ ಕಣ್ಣೀರು, ಮಕ್ಕಳ ಕುಣಿತ ಎಲ್ಲವನ್ನೂ ಊರಿನವರು ಎತ್ತಿ ಬಳಸಬಹುದು ಎಂದು ಬರೆದುಕೊಡಲು ಯಾವ ಮನೆಯವರು ಒಪ್ಪುತ್ತಾರೆ? ಮದುವೆಗೆ ಎಸ್‌ಎ ಬೇಡವೇ ಬೇಡ. ಎನ್‌ಸಿಯೂ ಬೇಡ. ನಾವು ದುಡ್ಡು ತಗೊಂಡು ಮಾಡುವ ಕೆಲಸ ಅದು. ಹಾಗಾಗಿ ಕಾಸಿನ ಕೆಲಸಕ್ಕೆಲ್ಲ ಸಿಸಿ ಬೈ ಅಥವಾ ಸಿಸಿ ಝೀರೋ ಮಾತ್ರ ಅಂತ ಗೆರೆ ಎಳೆದುಕೊಂಡಿದ್ದೇನೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಎನ್‌ಸಿ, ಎನ್‌ಡಿ ಇರುವುದನ್ನು ಸೇರಿಸಿಕೊಳ್ಳುವುದೇ ಇಲ್ಲ. ಅಲ್ಲಿ ಎಸ್‌ಎ ಒಂದನ್ನು ನೋಡಿಕೊಂಡರೆ ಸಾಕು.

ಹೆಸರು ಹಾಕುವ ಕೆಲಸ ಶುರುವಾಗುವುದು ಎಡಿಟಿಂಗ್ ಮುಗಿದ ಮೇಲಲ್ಲ, ಫೈಲ್ ಇಳಿಸಿಕೊಳ್ಳುವ ನಿಮಿಷದಲ್ಲಿ. ಕೊನೆಗೆ ಹುಡುಕಲು ಹೋದರೆ ಸಿಗುವುದು ಬರೀ ಅಂಕಿಗಳ ಒಂದು ಫೈಲ್ ಹೆಸರು. ನಾನು ಇಳಿಸಿದ ಕೂಡಲೇ ಫೈಲಿನ ಹೆಸರನ್ನೇ ಬದಲಾಯಿಸುತ್ತೇನೆ: ಕಲಾವಿದರ ಹೆಸರು, ಹಾಡಿನ ಹೆಸರು, ಲೈಸೆನ್ಸ್. ಜೊತೆಗೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಿಗೆ ಹಾಕುತ್ತೇನೆ. ಪುಟದ ವಿಳಾಸ, ತಾರೀಕು ಎರಡೂ ಕಾಣಬೇಕು. ಕಲಾವಿದರು ನಾಳೆ ಮನಸ್ಸು ಬದಲಾಯಿಸಿ ಹಾಡನ್ನು ತೆಗೆದುಬಿಡಬಹುದು. ಆದರೆ ಕ್ರಿಯೇಟಿವ್ ಕಾಮನ್ಸ್ ಅಡಿ ಒಮ್ಮೆ ಕೊಟ್ಟ ಒಪ್ಪಿಗೆಯನ್ನು, ಷರತ್ತು ಪಾಲಿಸುತ್ತಿರುವವರಿಂದ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಆ ಒಪ್ಪಿಗೆ ಇತ್ತು ಎಂದು ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ.

ಈಗ ಕ್ರೆಡಿಟ್ ಸಾಲು. ನಾಲ್ಕು ವಿಷಯ ಬರಬೇಕು: ಏನು, ಯಾರದ್ದು, ಎಲ್ಲಿಂದ, ಯಾವ ಲೈಸೆನ್ಸ್. ಏನಾದರೂ ಬದಲಾಯಿಸಿದ್ದರೆ ಅದನ್ನೂ ಹೇಳಬೇಕು. ನಾನು ಬರೆಯುವ ರೀತಿ ಹೀಗೆ:

"ಸಂಗೀತ: 'ಹಾಡಿನ ಹೆಸರು', ಕಲಾವಿದರ ಹೆಸರು. ಸಿಕ್ಕಿದ್ದು: ಪುಟದ ವಿಳಾಸ. ಲೈಸೆನ್ಸ್: ಕ್ರಿಯೇಟಿವ್ ಕಾಮನ್ಸ್ ಬೈ 4.0, ಜೊತೆಗೆ ಅದರ ಕೊಂಡಿ. ಈ ಚಿತ್ರಕ್ಕಾಗಿ ಮೊದಲ ಭಾಗ ಕತ್ತರಿಸಿ, ಮಾತಿನ ಕೆಳಗೆ ಸದ್ದು ತಗ್ಗಿಸಲಾಗಿದೆ."

"ಸಂಗೀತ ಕೃಪೆ: ಇಂಟರ್‌ನೆಟ್" ಅಂತ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇಂಟರ್‌ನೆಟ್ ಕೂತು ಸಂಗೀತ ಮಾಡಲಿಲ್ಲ. ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು ಮಾಡಿದ್ದು ಅದು. ಅವರು ಕೇಳಿದ್ದು ಒಂದು ಸಾಲು. ಇನ್ನೊಂದು ವಿಷಯ, ಕಲಾವಿದರ ಹೆಸರನ್ನು ಕನ್ನಡದಲ್ಲಿ ಬರೆದ ಮೇಲೆ, ಅವರು ತಮ್ಮ ಪುಟದಲ್ಲಿ ಬರೆದುಕೊಂಡಿರುವ ಲಿಪಿಯಲ್ಲೂ ಬರೆಯಿರಿ. ದೂರದ ಯಾವುದೋ ದೇಶದ ಕಲಾವಿದೆ ತನ್ನ ಹೆಸರನ್ನು ಹುಡುಕಿದಾಗ ಕನ್ನಡದಲ್ಲಿ ಮಾತ್ರ ಇದ್ದರೆ ಅವಳಿಗೆ ಸಿಗುವುದಿಲ್ಲ. ನಾನು ಚಿತ್ರದ ಕೊಂಡಿಯನ್ನು ಅವರಿಗೊಂದು ಮೇಲ್ ಮಾಡಿಯೂ ಕಳಿಸುತ್ತೇನೆ. ಲೈಸೆನ್ಸಿನಲ್ಲಿ ಹಾಗೇನೂ ಕೇಳಿಲ್ಲ. ರೇಷ್ಮೆ ಚಿತ್ರ ನೋಡಿದ ಪಿಯಾನೋ ಕಲಾವಿದರೊಬ್ಬರು, ತಮ್ಮ ಸಂಗೀತ ಹುಳುಗಳ ಜೊತೆ ಕೂರುತ್ತದೆ ಎಂದು ಅಂದುಕೊಂಡೇ ಇರಲಿಲ್ಲ ಎಂದು ಬರೆದಿದ್ದರು. ಆ ಮೇಲ್ ಜೋಪಾನವಾಗಿ ಇಟ್ಟಿದ್ದೇನೆ.

ಈ ಸಾಲು ಎಲ್ಲಿ ಬರಬೇಕು? ಮಾಧ್ಯಮಕ್ಕೆ ಒಪ್ಪುವ ರೀತಿಯಲ್ಲಿ ಹಾಕಿದರೆ ಸಾಕು ಅನ್ನುತ್ತದೆ ಲೈಸೆನ್ಸ್. ಎಲ್ಲರೂ ವಿಡಿಯೋದ ಕೆಳಗಿನ ವಿವರಣೆಯಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕಡೆ ವಿಡಿಯೋ ಓಡಾಡುವುದು ವಾಟ್ಸಾಪಿನಲ್ಲಿ. ಒಬ್ಬರು ಇಳಿಸಿಕೊಂಡು ಇನ್ನೊಬ್ಬರಿಗೆ ಕಳಿಸಿದರೆ ವಿವರಣೆ ಅಲ್ಲೇ ಉಳಿಯುತ್ತದೆ, ವಿಡಿಯೋ ಮಾತ್ರ ಊರೂರು ಸುತ್ತುತ್ತದೆ. ಅದಕ್ಕೇ ಹೆಸರು ಚಿತ್ರದೊಳಗೇ ಇರಬೇಕು ಅನ್ನೋದು ನನ್ನ ಹಟ. ಚಿತ್ರದ ಕೊನೆಯಲ್ಲಿ ಓದಲು ಆಗುವಷ್ಟು ಹೊತ್ತು ಇಡುತ್ತೇನೆ. ಸ್ಟೇಟಸ್‌ಗೆ ಮಾಡಿದ ತುಣುಕಾದರೆ ಕೆಳಗಡೆ ಚಿಕ್ಕ ಅಕ್ಷರದಲ್ಲಿ ಹಾಡು, ಕಲಾವಿದರು, ಲೈಸೆನ್ಸ್ ಇಷ್ಟು. ಪೂರ್ತಿ ಸಾಲು ಮೂಲ ವಿಡಿಯೋದ ಕೆಳಗೆ. ಬರೀ ಧ್ವನಿ ಕಾರ್ಯಕ್ರಮವಾದರೆ ಬಾಯಲ್ಲೇ ಹೇಳಬೇಕು.

ಇದಕ್ಕೆ ಒಂದು ಸಲ ಗಿರಾಕಿಯಿಂದಲೇ ತಕರಾರು ಬಂತು. ಸೀರೆ ಅಂಗಡಿಯ ಜಾಹೀರಾತು. ನೋಡಿದ ಮಾಲೀಕರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಏನಪ್ಪಾ, ನಮ್ಮ ಅಂಗಡಿ ವಿಡಿಯೋದಲ್ಲಿ ಯಾರ್ದೋ ಹೆಸರು ಯಾಕೆ? ತೆಗ್ದುಬಿಡು."

"ಅಣ್ಣ, ಈ ಮ್ಯೂಸಿಕ್‌ಗೆ ನಿಮ್ಮ ಹತ್ರ ಒಂದು ರೂಪಾಯಿನೂ ತಗೊಂಡಿಲ್ಲ. ಹೆಸರು ಹಾಕೋದೇ ಅದರ ಬಾಡಿಗೆ. ತೆಗೀಬೇಕು ಅಂದ್ರೆ ಮ್ಯೂಸಿಕ್ಕೂ ತೆಗೀಬೇಕಾಗತ್ತೆ."

ಹೆಸರು ಕೇಳದ ಸಿಸಿ ಝೀರೋ ಸಂಗೀತ ಒಂದೆರಡು ಕೇಳಿಸಿದೆ. ಇಲ್ಲದಿದ್ದರೆ ದುಡ್ಡು ಕೊಟ್ಟು ಕೊಳ್ಳೋಣ ಎಂದೂ ಹೇಳಿದೆ. ಅವರಿಗೆ ಮೊದಲಿನದೇ ಇಷ್ಟವಾಗಿತ್ತು. ಸಾಲು ಉಳಿಯಿತು. ಆಮೇಲಿಂದ ಯಾವ ಕೆಲಸಕ್ಕೂ ಮುಂಗಡ ತಗೊಳ್ಳುವಾಗಲೇ ಈ ಮಾತು ಆಡಿಬಿಡುತ್ತೇನೆ.

ಎಲ್ಲ ಸರಿಯಾಗಿ ಮಾಡಿದರೂ ಒಮ್ಮೊಮ್ಮೆ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೇಮ್, ಅಂದರೆ ಈ ಸಂಗೀತ ನಮ್ಮದು ಅನ್ನೋ ದೂರು, ಬರುತ್ತದೆ. ನನ್ನ ಒಂದು ಚಿತ್ರಕ್ಕೂ ಬಂದಿತ್ತು. ಅದೇ ಸಂಗೀತವನ್ನು ಬಳಸಿ ಇನ್ಯಾರೋ ತಮ್ಮ ಹಾಡು ಮಾಡಿ ನೋಂದಾಯಿಸಿದ್ದರು, ಯೂಟ್ಯೂಬಿನ ಯಂತ್ರ ಎರಡನ್ನೂ ಒಂದೇ ಅಂದುಕೊಂಡಿತ್ತು. ಹೆದರಬೇಕಿಲ್ಲ. ಲೈಸೆನ್ಸ್ ಇದೆ ಎಂಬ ಕಾರಣ ಕೊಟ್ಟು ತಕರಾರು ಸಲ್ಲಿಸಿ, ಹಾಡಿನ ಪುಟದ ಕೊಂಡಿ, ಲೈಸೆನ್ಸಿನ ಹೆಸರು ಬರೆದರೆ ಆಯಿತು. ಸ್ಕ್ರೀನ್‌ಶಾಟ್ ಇದ್ದದ್ದಕ್ಕೆ ನನಗೆ ಎಲ್ಲವನ್ನೂ ಕೂತಲ್ಲೇ ಬರೆಯಲು ಆಯಿತು. ಕ್ಲೇಮ್ ಬಿಟ್ಟುಹೋಯಿತು.

ಇನ್ನು ನಮ್ಮದೇ ಹಳೆಯ ಹಾಡುಗಳ ವಿಷಯ. "ಕೈವಾರ ತಾತಯ್ಯನವರ ತತ್ವಪದಕ್ಕೆ ಯಾರ ಹಕ್ಕು, ಹಾಕ್ಕೊಳ್ಳಿ" ಅಂತ ತುಂಬ ಜನ ಹೇಳುತ್ತಾರೆ. ಪದಕ್ಕೆ ಹಕ್ಕಿಲ್ಲ, ನಿಜ. ಆದರೆ ಮೊನ್ನೆ ಮೊನ್ನೆ ಸ್ಟುಡಿಯೋದಲ್ಲಿ ಹಾಡಿ ಬಿಡುಗಡೆ ಮಾಡಿದ ರೆಕಾರ್ಡಿಂಗಿಗೆ ಇದೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಹೊರಬಂದ ಮೇಲೆ 60 ವರ್ಷ. ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಮುಳಬಾಗಿಲಿನ ಶ್ರೀಪಾದರಾಜರ ಕೀರ್ತನೆಯನ್ನು ನಿಮ್ಮ ಊರಿನ ಭಜನೆ ಮಂಡಳಿಯವರಿಂದ ಹಾಡಿಸಿ, ಅವರ ಒಪ್ಪಿಗೆ ಪಡೆದು ಧಾರಾಳವಾಗಿ ಬಳಸಿ. ಅದೇ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ಅವರ ಪದ್ಯ ಹಾಡಿಸಿ ಹಾಕಬೇಕೆಂದರೆ ಅನುಮತಿಯಿಲ್ಲದೆ 2035 ಮುಗಿಯುವವರೆಗೆ ಆಗದು. ಪಶ್ಚಿಮದ ಶಾಸ್ತ್ರೀಯ ಸಂಗೀತಕ್ಕೂ ಇದೇ ಲೆಕ್ಕ, ರಚನೆ ಹಳೆಯದಾದರೂ ನುಡಿಸಿದ ರೆಕಾರ್ಡಿಂಗಿನ ಹಕ್ಕು ಬೇರೆ.

ರೇಷ್ಮೆ ಚಿತ್ರ ಮುಗಿಸುವ ಹೊತ್ತಿಗೆ ನನಗೆ ಒಂದು ಕೊರತೆ ಕಾಡುತ್ತಿತ್ತು. ಪಿಯಾನೋ, ಗಿಟಾರ್, ಸಿತಾರ್ ಎಲ್ಲ ಮುಕ್ತವಾಗಿ ಸಿಗುತ್ತದೆ. ನಮ್ಮ ತಮಟೆ ಎಲ್ಲಿ? ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಸಿಕ್ಕ ಜಿಲ್ಲೆ ನಮ್ಮದು. ಗೂಡಿನ ಮಾರುಕಟ್ಟೆಯ ದೃಶ್ಯಕ್ಕೆ ನನಗೆ ಬೇಕಿದ್ದದ್ದು ಆ ಏಟೇ. ಎಷ್ಟು ಹುಡುಕಿದರೂ ಬಳಸಲು ಒಪ್ಪಿಗೆಯಿರುವ ಒಂದು ಒಳ್ಳೆಯ ತುಣುಕು ಸಿಗಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಜಾತ್ರೆ, ಮದುವೆಗಳಿಗೆ ಬಾರಿಸುವ ಒಬ್ಬ ಹಿರಿಯರ ಹತ್ತಿರ ಹೋದೆ. ಒಂದು ದಿನದ ಸಂಭಾವನೆ ಮೊದಲೇ ಕೊಟ್ಟೆ. ಮುಕ್ತ ಸಂಗೀತ ಅಂದರೆ ಕಲಾವಿದರಿಗೆ ಬಿಡಿಗಾಸೂ ಬೇಡ ಅನ್ನೋ ಅರ್ಥವಲ್ಲ. ಹುಣಸೆ ಮರದ ಕೆಳಗೆ ಒಂದಿಷ್ಟು ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಆ ಕಾವಿಗೆ ಹಿಡಿದು ತಿರುಗಿಸುತ್ತಾ, ಬೆರಳಿನಿಂದ ತಟ್ಟಿ ನೋಡುತ್ತಾ ಅವರು ಹದ ಮಾಡಿಕೊಂಡರು. ಆ ತಟ್ಟುವ ಸದ್ದನ್ನೂ ಬಿಡದೆ ಹಿಡಿದೆ. ಆಮೇಲೆ ಲೈಸೆನ್ಸ್ ಅಂದರೇನು ಎಂದು ಕೂತು ಹೇಳಿದೆ. ಮನೆಯಲ್ಲಿ ಅವರು ತೆಲುಗು ಆಡುವವರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತು ನಡೆಯಿತು. ಏಟು ಪರಂಪರೆಯದ್ದಾದರೂ ಬಾರಿಸಿದವರಿಗೆ ಕಾಯ್ದೆಯಲ್ಲಿ ತಮ್ಮದೇ ಹಕ್ಕಿದೆ, ಅದು 50 ವರ್ಷ ಇರುತ್ತದೆ ಎಂದೆ. ಸಿಸಿ ಬೈ ಎಂದು ಬಿಟ್ಟರೆ ಯಾವುದೋ ಸೋಪಿನ ಜಾಹೀರಾತಿನವರೂ ದುಡ್ಡು ಕೊಡದೆ ಬಳಸಬಹುದು, ಆಮೇಲೆ ಬೇಡ ಅನ್ನೋಕಾಗಲ್ಲ ಎಂದೂ ಮುಚ್ಚಿಡದೆ ಹೇಳಿದೆ.

"ನನ್ನ ಹೆಸ್ರು ಬತ್ತದಾ?"

"ಬರ್ಲೇಬೇಕು ತಾತ. ಹಾಕ್ದೇ ಇದ್ರೆ ಅವ್ರಿಗೆ ಬಳಸೋ ಹಕ್ಕೇ ಇಲ್ಲ."

"ಹಂಗಾದ್ರೆ ಊರಿನ ಹೆಸ್ರೂ ಹಾಕ್ಸು."

ಅವರ ಮಗನನ್ನೂ ಕೂರಿಸಿಕೊಂಡು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಕಲೆಯಿಂದಲೇ ಅನ್ನ ತಿನ್ನುವವರು ಎಲ್ಲವನ್ನೂ ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕೈದು ಚಿಕ್ಕ ವರಸೆಗಳನ್ನು ಮಾತ್ರ ಸಿಸಿ ಬೈ 4.0 ಅಡಿಯಲ್ಲಿ ಬಿಟ್ಟೆವು. ಒಪ್ಪಿಗೆಯನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಅವರದ್ದೂ ನನ್ನದೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಫೈಲಿನ ಜೊತೆಗೇ ಕ್ರೆಡಿಟ್ ಸಾಲನ್ನೂ ಬರೆದಿಟ್ಟಿದ್ದೇವೆ, ಅವರ ಹೆಸರು, ಊರು, ತಾಲ್ಲೂಕು, ಎರಡು ಲಿಪಿಯಲ್ಲಿ. ಬಳಸುವವರು ಎತ್ತಿ ಅಂಟಿಸಿಕೊಂಡರೆ ಸಾಕು. ಜಾತ್ರೆಯಲ್ಲಿ ತೇರಿನ ಮುಂದೆ ಬಾರಿಸುವ ಪೂರ್ತಿ ವಾದನವನ್ನೂ ಅವತ್ತೇ ಹಿಡಿದಿದ್ದೆ. ಅದು ಅವರ ಮಗನ ಹತ್ತಿರ ಇದೆ, ಎಲ್ಲಿಗೂ ಹಾಕಿಲ್ಲ. ಅದು ಬೇಕಾದವರು ಅವರನ್ನೇ ಕರೆಸಿ, ಸಂಭಾವನೆ ಕೊಟ್ಟು ಕೇಳಬೇಕು.