ಮೊದಲು ಒಲೆ ಹತ್ತಲಿ, ಸೋಫಾ ಆಮೇಲೆ ಬರಲಿ

ಹೊಸದಾಗಿ ಅಪಾರ್ಟ್‌ಮೆಂಟಿಗೆ ಬಂದ ಮಕ್ಕಳು ನನ್ನ ಹತ್ತಿರ ಮೊದಲು ಕೇಳುವುದು, ಸೋಫಾ ಎಂಥದ್ದು ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು, ಇವತ್ತು ರಾತ್ರಿ ಊಟಕ್ಕೇನು ಅಂತ. ಬಹಳ ಮಂದಿಯ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ. ಖಾಲಿ ಮನೆ ನೋಡಿದರೆ ಕೈ ಸುಮ್ನೆ ಇರುವುದಿಲ್ಲ, ನನಗೆ ಗೊತ್ತು. ಗೋಡೆ ಬೋಳು, ಹಾಲ್ ಬಿಕೋ ಅನ್ನುತ್ತದೆ, ಯಾರಾದರೂ ಬಂದರೆ ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಬೇರೆ. ಹಾಗಂತ ಇದ್ದ ದುಡ್ಡನ್ನೆಲ್ಲ ಹಾಲ್‌ಗೆ ಸುರಿದು, ದಿನಾ ಹೊರಗಿನ ಊಟ ತರಿಸಿಕೊಂಡರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಹಾಗಾಗುತ್ತದೆ. ನನ್ನ ಲೆಕ್ಕ ಉಲ್ಟಾ. ಮೊದಲು ಒಲೆ ಹತ್ತಬೇಕು. ಮನೆಯಲ್ಲೇ ಉಣ್ಣಲು ಶುರು ಮಾಡಿದ ಮೇಲೆ ಉಳಿಯುವ ದುಡ್ಡಿದೆಯಲ್ಲ, ಅದೇ ತಿಂಗಳಿಗೊಂದು ಸಾಮಾನು ತಂದು ಮನೆ ತುಂಬಿಸುತ್ತದೆ.

ಅಡುಗೆಮನೆಗೆ ಸೆಟ್‌ಗಟ್ಟಲೆ ಪಾತ್ರೆ ಬೇಡ. ಸೆಟ್ ತಂದವರ ಮನೆಯಲ್ಲಿ ಅರ್ಧ ಪಾತ್ರೆಗಳು ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿರುತ್ತವೆ. ಒಂದು ಒಳ್ಳೆ ಚಾಕು, ಹೆಚ್ಚಲು ಒಂದು ಮರದ ಹಲಗೆ, ದಪ್ಪ ತಳದ ಒಂದು ಪಾತ್ರೆ, ಒಂದು ಬಾಣಲೆ, ಒಂದು ಪ್ರೆಶರ್ ಕುಕ್ಕರ್, ಸೌಟು, ಜರಡಿ. ಇಷ್ಟಿದ್ದರೆ ಸಣ್ಣ ಸಂಸಾರ ಆರಾಮಾಗಿ ಸಾಗುತ್ತದೆ. ಬೇರೆ ಏನಾದರೂ ಬೇಕೇ ಬೇಕು ಅನ್ನಿಸಿದರೆ, ಅದಿಲ್ಲದೆ ಒಂದೆರಡು ತಿಂಗಳು ಅಡುಗೆ ಮಾಡಿ ನೋಡಿ. ಆಮೇಲೂ ಅದರ ನೆನಪು ಬರುತ್ತಿದ್ದರೆ ತನ್ನಿ.

ದಪ್ಪ ತಳ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ತೆಳು ತಳದಲ್ಲಿ ಉರಿ ಬಿದ್ದ ಜಾಗ ಮಾತ್ರ ಕಾದು ಅಲ್ಲೇ ಸೀಯುತ್ತದೆ. ದಪ್ಪ ತಳ ಶಾಖವನ್ನು ಎಲ್ಲ ಕಡೆ ಹರಡುತ್ತದೆ, ಸಣ್ಣ ಉರಿಯಲ್ಲೂ ಕೆಲಸ ಆಗುತ್ತದೆ. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ. ಭಾರ ತಳದಲ್ಲಿರಬೇಕು, ಹಿಡಿ ಅಲ್ಲಾಡಬಾರದು, ಮುಚ್ಚಳ ಸಂದಿಲ್ಲದೆ ಕೂರಬೇಕು. ಬಾಣಲೆ ಮಾತ್ರ ಎರಕದ ಕಬ್ಬಿಣದ್ದು ತಗೊಳ್ಳಿ ಅನ್ನುತ್ತೇನೆ. ನಾನ್‌ಸ್ಟಿಕ್ ಹಗುರ, ನಿಜ. ಆದರೆ ಖಾಲಿ ಬಾಣಲೆ ಒಲೆ ಮೇಲೆ ಮರೆತರೆ, 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಲೇಪ ಕೆಡತೊಡಗುತ್ತದೆ. ಆ ಹೊಗೆ ಒಳ್ಳೆಯದಲ್ಲ. ಗೀರು ಬಿದ್ದ ಮೇಲೆ ಹೇಗೂ ಎಸೆಯಬೇಕು. ಕಬ್ಬಿಣದ್ದಕ್ಕೆ ಸಾವಿಲ್ಲ. ತೊಳೆದ ಕೂಡಲೇ ಒರೆಸಿ, ಒಲೆ ಮೇಲೆ ಎರಡು ನಿಮಿಷ ಇಟ್ಟು ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಎಣ್ಣೆ ಸವರಿ. ಸವರಿದ್ದು ಕಣ್ಣಿಗೆ ಕಾಣಬಾರದು, ಅಷ್ಟು ತೆಳು. ಜಾಸ್ತಿಯಾದರೆ ಅಂಟಂಟಾಗುತ್ತದೆ. ಕಾದ ಎಣ್ಣೆ ಕಬ್ಬಿಣಕ್ಕೆ ಹತ್ತಿ, ಬರುಬರುತ್ತಾ ಕರ‍್ರಗೆ ನುಣುಪಾದ ಪದರವಾಗುತ್ತದೆ. ಹುಳಿ ಇರುವುದನ್ನು ಅದರಲ್ಲಿ ಬಹಳ ಹೊತ್ತು ಕುದಿಸಬೇಡಿ, ಆ ಪದರ ಎದ್ದುಹೋಗುತ್ತದೆ.

ಚಾಕಿನ ವಿಷಯಕ್ಕೆ ಬಂದರೆ, ಹತ್ತು ಚಾಕುಗಳ ಡಬ್ಬಿಗಿಂತ 20 ಸೆಂಟಿಮೀಟರ್ ಅಲಗಿನ ಒಂದೇ ಚಾಕು ಮೇಲು. ಜೊತೆಗೆ ಒಂದು ಸಾಣೆಕಲ್ಲು ತನ್ನಿ. ಚೂಪಾದ ಚಾಕು ಅಂದರೆ ಹೆದರಿಕೆ ಬೇಡ, ಕೈ ಕೊಯ್ಯುವುದು ಮೊಂಡು ಚಾಕೇ ಜಾಸ್ತಿ. ಅದು ತರಕಾರಿಯೊಳಗೆ ಇಳಿಯುವುದಿಲ್ಲ, ನೀವು ಬಲ ಹಾಕಿ ಒತ್ತುತ್ತೀರಿ, ಅದು ಜಾರಿ ಬೆರಳಿಗೆ ಬರುತ್ತದೆ. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಅಲ್ಲಾಡುವುದಿಲ್ಲ. ಅಲಗನ್ನು ಕಲ್ಲಿನಿಂದ 15–20 ಡಿಗ್ರಿಯಷ್ಟೇ ಎತ್ತಿ ಹಿಡಿದು, ಬುಡದಿಂದ ತುದಿಯವರೆಗೆ ಒಂದೇ ಸಮನೆ ಎಳೆಯಿರಿ. ಒಂದು ಬದಿ ಆದ ಮೇಲೆ ಇನ್ನೊಂದು ಬದಿ. ಹರಿತವಾಯಿತೋ ಇಲ್ಲವೋ ಟೊಮೆಟೊ ಹೇಳುತ್ತದೆ. ಒತ್ತದೆ ಸುಮ್ನೆ ಎಳೆದಾಗ ಸಿಪ್ಪೆ ಕೊಯ್ದುಕೊಂಡು ಹೋದರೆ ಸರಿಯಾಗಿದೆ ಅಂತ ಅರ್ಥ.

ಕುಕ್ಕರ್ ಮಾತ್ರ ಹೊಸದೇ ಇರಲಿ. ಬೇರೆ ಎಷ್ಟೋ ಸಾಮಾನು ಹಳೇದು ತನ್ನಿ ಅಂತ ಮುಂದೆ ನಾನೇ ಹೇಳುತ್ತೇನೆ, ಆದರೆ ಆವಿ ತುಂಬುವ ಪಾತ್ರೆಯ ಚರಿತ್ರೆ ಗೊತ್ತಿಲ್ಲದೆ ಮನೆಗೆ ತರಬಾರದು. ಅದರೊಳಗೆ ನೀರು ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ, ಅದಕ್ಕೇ ಗಟ್ಟಿ ಕಾಳೂ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ರಬ್ಬರ್ ಗಟ್ಟಿಯಾದರೆ ಅಥವಾ ಬಿರುಕು ಬಿಟ್ಟರೆ ಕೂಡಲೇ ಬದಲಾಯಿಸಿ.

ಕಡಿಮೆ ಖರ್ಚಿನ ಅಡುಗೆ ಅಂದರೆ ದಿನಕ್ಕೆ ಮೂರು ಸಲ ಒಲೆ ಮುಂದೆ ನಿಲ್ಲುವುದಲ್ಲ. ಒಂದು ಸಲ ಬೇಯಿಸಿ, ಮೂರು ರೂಪ ಕೊಡುವುದು. ಒಣ ಕಾಳು ಇದಕ್ಕೆ ಹೇಳಿ ಮಾಡಿಸಿದ್ದು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಒಂದು ದೊಡ್ಡ ಪಾತ್ರೆ ಬೇಯಿಸಿಕೊಳ್ಳಿ. ಮೊದಲ ದಿನ ಈರುಳ್ಳಿ, ಟೊಮೆಟೊ ಹಾಕಿ ಗಟ್ಟಿ ಸಾರು. ಮಾರನೇ ದಿನ ನೀರು ಬಸಿದ ಕಾಳಿಗೆ ಹಸಿ ತರಕಾರಿ, ಸ್ವಲ್ಪ ನಿಂಬೆರಸ. ಮಿಕ್ಕಿದ್ದನ್ನು ಅನ್ನದ ಜೊತೆ ಬಾಣಲೆಯಲ್ಲಿ ಬಾಡಿಸಿ. ಬಸಿದ ನೀರನ್ನು ಚೆಲ್ಲಬೇಡಿ, ಅದು ಸೂಪಿಗೆ ಆಗುತ್ತದೆ. ನೆನೆಸಿದ ನೀರನ್ನು ಮಾತ್ರ ಚೆಲ್ಲಲೇಬೇಕು, ಅದರಲ್ಲೂ ರಾಜ್ಮಾ ಆದರೆ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕುದಿಸಿ ಮೆತ್ತಗೆ ಬೇಯಿಸಬೇಕು. ಕುದಿ ಬರದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ವಿಷ ಹೋಗುವುದಿಲ್ಲ.

ಉಳಿದ ಅನ್ನದ ಬಗ್ಗೆಯೂ ಒಂದು ಮಾತು. ಬಿಸಿ ಆರಲಿ ಅಂತ ರಾತ್ರಿಯಿಡೀ ಹೊರಗೆ ಬಿಡುತ್ತಾರೆ, ಅದು ಸರಿಯಲ್ಲ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿರುವಷ್ಟು ಹೊತ್ತೂ ಅವು ಹೆಚ್ಚುತ್ತವೆ, ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. 2 ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ, ಸೆಕೆ ಕಾಲದಲ್ಲಿ ಇನ್ನೂ ಬೇಗ. ಫ್ರಿಜ್ಜಿನೊಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಸಂತೆಗೆ ಹೋಗುವಾಗ ಚೀಟಿ ಇರಲಿ, ಹೊಟ್ಟೆ ತುಂಬಿರಲಿ. ದೊಡ್ಡ ಪ್ಯಾಕೆಟ್ ಅಂದ ಮಾತ್ರಕ್ಕೆ ಅಗ್ಗ ಅಲ್ಲ, ಕಿಲೋ ಲೆಕ್ಕಕ್ಕೆ ಹಾಕಿ ನೋಡಿ. ಅಕ್ಕಿ, ಕಾಳು, ಉಪ್ಪು ಜಾಸ್ತಿ ತಂದರೂ ನಡೆಯುತ್ತದೆ. ಮಸಾಲೆ ಪುಡಿ ಸ್ವಲ್ಪ ಸ್ವಲ್ಪವೇ ತನ್ನಿ, ತಿಂಗಳುಗಳು ಕಳೆದರೆ ಅದರ ಘಮ ಹೋಗಿ ಬರೀ ಬಣ್ಣ ಉಳಿಯುತ್ತದೆ. ಆಲೂಗಡ್ಡೆ ಕತ್ತಲಲ್ಲಿರಲಿ, ಈರುಳ್ಳಿಯಿಂದ ದೂರ. ಬೆಳಕಿಗೆ ಹಸಿರಾದ ಆಲೂಗಡ್ಡೆ ಕಹಿಯಾಗುತ್ತದೆ, ಅದು ತಿನ್ನಲು ಯೋಗ್ಯವಲ್ಲ. ಸೊಪ್ಪನ್ನು ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ.

ಹೀಗೆ ಅಡುಗೆಮನೆ ಒಂದು ದಾರಿಗೆ ಬಂದ ಮೇಲೆ ಉಳಿದ ಕೋಣೆಗಳ ಕಡೆ ತಿರುಗಿ. ಮೊದಲು ಹಾಸಿಗೆ. ಅದನ್ನು ಹೊಸದೇ ತನ್ನಿ, ಅದರಲ್ಲಿ ಜುಗ್ಗತನ ಬೇಡ, ಬೆನ್ನಿಗೆ ಬರುವ ಖರ್ಚು ಅದಕ್ಕಿಂತ ದೊಡ್ಡದು. ಮಂಚ ಆಮೇಲೆ ಬಂದರೂ ಪರವಾಗಿಲ್ಲ. ಅಲ್ಲಿಯವರೆಗೆ ನೆಲದ ಮೇಲೆ ಮಲಗಿದರೆ, ಬೆಳಿಗ್ಗೆ ಎದ್ದ ಮೇಲೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಮೈ ಬೆವರಿನ ತೇವ ಕೆಳಗೆ ಸೇರಿ, ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ.

ಆಮೇಲೆ ಒಂದು ಗಟ್ಟಿ ಮೇಜು. ಅದರ ಮೇಲೇ ಊಟ, ಅದರ ಮೇಲೇ ಕೆಲಸ, ತರಕಾರಿ ಹೆಚ್ಚುವುದೂ ಅಲ್ಲೇ. ಎತ್ತರ ಸುಮಾರು 75 ಸೆಂಟಿಮೀಟರ್ ಇರಲಿ, ಕುರ್ಚಿಯ ಕೂರುವ ಜಾಗ 45ರ ಆಸುಪಾಸು. ಇವೆರಡರ ನಡುವೆ 30 ಸೆಂಟಿಮೀಟರಿನಷ್ಟು ಅಂತರ ಇದ್ದರೆ ಭುಜ ಎತ್ತದೆ ಉಣ್ಣಬಹುದು, ಬರೆಯಬಹುದು. ಯಾವುದೇ ದೊಡ್ಡ ಸಾಮಾನು ತರುವ ಮುಂಚೆ ಹಳೇ ಪೇಪರುಗಳನ್ನು ಅದೇ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ, ಎರಡು ದಿನ ಅದರ ಸುತ್ತ ಓಡಾಡಿ. ನಡೆದಾಡಲು 75 ಸೆಂಟಿಮೀಟರಾದರೂ ಉಳಿಯಬೇಕು. ಬಾಗಿಲು ತೆರೆದಾಗ ತಾಗುತ್ತದೋ, ಕಿಟಕಿಗೆ ಅಡ್ಡ ಬರುತ್ತದೋ, ಎಲ್ಲ ಆಗಲೇ ಗೊತ್ತಾಗುತ್ತದೆ. ಲಿಫ್ಟ್, ಮೆಟ್ಟಿಲಿನ ತಿರುವು, ಮುಂಬಾಗಿಲಿನ ಅಗಲ ಇವನ್ನೂ ಅಳೆದು ಬರೆದಿಟ್ಟುಕೊಳ್ಳಿ.

ಮೇಜು, ಬೀರು, ಶೆಲ್ಫು ಇವೆಲ್ಲ ಹಳೇದು ತರಲು ಯಾವ ಸಂಕೋಚವೂ ಬೇಡ. ನೋಡಿ ತರಬೇಕು, ಅಷ್ಟೇ. ನಾನಾದರೆ ಮೊದಲು ಮಗುಚಿ ಹಾಕಿ ತಳ ನೋಡುತ್ತೇನೆ. ಮೇಲ್ಭಾಗಕ್ಕೆ ಯಾರು ಬೇಕಾದರೂ ಪಾಲಿಶ್ ಹೊಡೆಸುತ್ತಾರೆ, ತಳಕ್ಕೆ ಹೊಡೆಸುವವರು ಕಡಿಮೆ. ಅಂಚಿನಲ್ಲಿ ಒಂದರ ಮೇಲೊಂದು ಪದರ ಕಂಡರೆ ಪ್ಲೈವುಡ್, ಒತ್ತಿದ ಹೊಟ್ಟಿನ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್. ಬೋರ್ಡಿನದ್ದು ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಪದೇ ಪದೇ ಮನೆ ಬದಲಿಸುವವರಿಗೆ ಅದು ಬೇಡ. ಮರದ್ದಾದರೆ ಗುಂಡುಸೂಜಿ ತಲೆಯಷ್ಟು ತೂತುಗಳು, ಕೆಳಗೆ ನುಣ್ಣನೆ ಪುಡಿ ಇದೆಯಾ ನೋಡಿ. ಇದ್ದರೆ ಹುಳ ಇನ್ನೂ ಒಳಗಿದೆ, ಬಿಟ್ಟು ಬನ್ನಿ. ಕಾಲು ಅಲ್ಲಾಡುವುದು ದೊಡ್ಡ ದೋಷ ಅಲ್ಲ, ಅಂಟು ಹಾಕಿ ಬಿಗಿದರೆ ಸರಿಹೋಗುತ್ತದೆ. ಬೆಲೆ ಇಳಿಸಲು ಅದೊಂದು ನೆಪವೂ ಆಗುತ್ತದೆ, ಅಲ್ವಾ?

ಬಟ್ಟೆ ಹೊದಿಸಿದ ಹಳೇ ಸೋಫಾ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಟಾರ್ಚ್ ಹಾಕಿ ಹೊಲಿಗೆಯ ಸಂದು, ದಿಂಬಿನ ಅಂಚು, ಕೆಳಗಿನ ಬಟ್ಟೆಯ ಮೊಳೆ ಹೊಡೆದ ಜಾಗ ಎಲ್ಲ ನೋಡಿ. ಸಣ್ಣ ಕಪ್ಪು ಚುಕ್ಕೆ ಅಥವಾ ಕಳಚಿದ ಪೊರೆ ಕಂಡರೆ ತಿಗಣೆ ಇದೆ ಅಂತಲೇ ತಿಳಿಯಿರಿ. ಬೆಳೆದ ತಿಗಣೆ 5 ಮಿಲಿಮೀಟರಿನಷ್ಟಿರುತ್ತದೆ, ಕಣ್ಣಿಗೆ ಬೀಳುತ್ತದೆ. ಆಹಾರ ಇಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಬಹಳ ದಿನ ಯಾರೂ ಕೂತಿಲ್ಲ ಅನ್ನುವ ಮಾತಿಗೆ ಬೆಲೆ ಇಲ್ಲ. ಒಂದು ಸಲ ಮನೆಗೆ ಹೊಕ್ಕರೆ ಹೊಸ ಹಾಸಿಗೆಯನ್ನೂ ಬಿಡುವುದಿಲ್ಲ. ಸಂಶಯ ಬಂದರೆ ಬೇಡವೇ ಬೇಡ. ಬದಲಿಗೆ ಮರದ ಬೆಂಚು ತಂದು, ಹೊಸ ದಿಂಬು ಹೊಲಿಸಿ ಹಾಕಿ.

ಬೆಳಕಿಗೆ ಖರ್ಚು ಕಡಿಮೆ, ಫಲ ಜಾಸ್ತಿ. ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕನ್ನು 8–10 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಡಬ್ಬಿ ಮೇಲೆ 2700 ಕೆಲ್ವಿನ್ ಅಂತಿದ್ದರೆ ಹಳದಿ ಬೆಳಕು, ಮಲಗುವ ಕೋಣೆಗೆ ಹಿತ. ಅಡುಗೆಕಟ್ಟೆಯ ಮೇಲೆ 4000ದ್ದು ಹಾಕಿ, ಹೆಚ್ಚುವುದು, ಆರಿಸುವುದು ಸ್ಪಷ್ಟ ಕಾಣುತ್ತದೆ. ನಿಮ್ಮದೇ ನೆರಳು ಹಲಗೆಯ ಮೇಲೆ ಬೀಳದ ಹಾಗೆ ದೀಪ ನಿಮ್ಮ ಮುಂದಿರಲಿ, ಬೆನ್ನ ಹಿಂದೆ ಬೇಡ.

ಪರದೆಗೆ ದುಬಾರಿ ಬಟ್ಟೆ ಬೇಕಿಲ್ಲ, ಧಾರಾಳ ಬಟ್ಟೆ ಬೇಕು. ಕಿಟಕಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಹತ್ತಿಯದಾದರೆ ಹೊಲಿಸುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಗಿಡ್ಡವಾಗುತ್ತದೆ. ರಾಡನ್ನು ಕಿಟಕಿಗಿಂತ ಸ್ವಲ್ಪ ಮೇಲೆ, ಎರಡೂ ಬದಿಗೆ ಚೂರು ಹೊರಗೆ ಬರುವ ಹಾಗೆ ಕೂರಿಸಿದರೆ ಪರದೆ ಸರಿಸಿದಾಗ ಪೂರ್ತಿ ಬೆಳಕು ಒಳಗೆ ಬರುತ್ತದೆ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುಂಚೆ ಮಾಲೀಕರನ್ನು ಒಂದು ಮಾತು ಕೇಳಿ.