ಅಡ್ವಾನ್ಸ್ ಕೊಡುವ ಮೊದಲು ನಾನು ಬರೆಸಿಕೊಂಡ ಎರಡು ಸಾಲು

ಬಳ್ಳಾರಿಯ ಗಾಂಧಿನಗರದಲ್ಲಿ ನಾವಿದ್ದ ಬಾಡಿಗೆ ಮನೆ ಬಿಟ್ಟಾಗ, ಕೊಟ್ಟ 50,000 ಅಡ್ವಾನ್ಸಿನಲ್ಲಿ ಕೈಗೆ ಬಂದದ್ದು 32,000. ಉಳಿದದ್ದು ಸುಣ್ಣ ಬಣ್ಣಕ್ಕೆ ಆಯಿತು ಎಂದರು ಓನರ್. ಮೂರು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಗೋಡೆ ಮಾಸದೆ ಇರುತ್ತಾ? ಆದರೆ ಕರಾರಿನಲ್ಲಿ 'ಮನೆ ಬಿಡುವಾಗ ಬಣ್ಣದ ಖರ್ಚು ಬಾಡಿಗೆದಾರರದು' ಎಂಬ ಸಾಲಿತ್ತು. ಸಹಿ ಹಾಕುವಾಗ ನಾನು ಓದಿರಲಿಲ್ಲ.

ಹಾಗೆ ಹೋದ 18,000 ನಮ್ಮ ಎರಡು ತಿಂಗಳ ಬಾಡಿಗೆ ದುಡ್ಡು. ಹೊಟ್ಟೆ ಉರಿಯಿತು. ಪರಿಚಯದ ವಕೀಲರ ಹತ್ತಿರ ಹೋದೆ. ಅವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ತೆಗೆದು ತೋರಿಸಿದರು. ಮನೆ ಹೇಗೆ ಸಿಕ್ಕಿತ್ತೋ ಹಾಗೇ ವಾಪಸ್ ಕೊಡಬೇಕು, ಆದರೆ ದಿನಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. "ನೀವೇ ಕರಾರಲ್ಲಿ ಬೇರೆ ಬರ್ಕೊಟ್ರೆ ಅದೇ ನಡೀತೈತಮ್ಮ" ಎಂದರು.

ಬಾಡಿಗೆ ಕಾಯ್ದೆ ಅಂತ ಒಂದಿದೆ ಅಲ್ವಾ ಎಂದು ಕೇಳಿದೆ. ಇದೆ, 1999ರದು. ಆದರೆ ತಿಂಗಳ ಬಾಡಿಗೆ 3,500 ದಾಟಿದರೆ ಅದು ದೊಡ್ಡ ನಗರಗಳಲ್ಲೂ ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಸಂಸಾರಕ್ಕಾಗುವ ಮನೆ ಎಲ್ಲಿ ಸಿಗುತ್ತೆ? ನಮ್ಮಂಥವರನ್ನು ಕಾಯುವುದು ಹೆಚ್ಚಾಗಿ ಕರಾರಿನ ಕಾಗದವೇ ಎಂದು ಆವತ್ತು ಅರ್ಥವಾಯಿತು.

ಮುಂದಿನ ಮನೆ ಸತ್ಯನಾರಾಯಣಪೇಟೆಯಲ್ಲಿ. ಓನರ್ ವಯಸ್ಸಾದ ಅಮ್ಮ. ಅವರ ಕರಾರಿನಲ್ಲೂ ಬಣ್ಣದ ಸಾಲು ಇತ್ತು.

"ಎಲ್ಲಾರೂ ಹಿಂಗೇ ಬರ್ಕೊಡ್ತಾರಲ್ಲಮ್ಮ" ಎಂದರು.

"ನಲ್ಲಿ ಮುರಿದ್ರೆ, ಗೋಡೆಗೆ ಮೊಳೆ ಹೊಡೆದು ಕೆಡಿಸಿದ್ರೆ ಹಿಡಿದುಕೊಳ್ಳಿ ಅಮ್ಮ. ಸುಮ್ನೆ ಮಾಸಿದ್ದಕ್ಕೆ ಬೇಡ" ಎಂದೆ.

ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಒಪ್ಪಿದರು. 'ಹಾನಿಯಾದರೆ ಮಾತ್ರ ಖರ್ಚು ಹಿಡಿಯುವುದು' ಎಂದು ಒಂದು ಸಾಲು, 'ಕೀಲಿ ಕೊಟ್ಟ 15 ದಿನದೊಳಗೆ ಅಡ್ವಾನ್ಸ್ ವಾಪಸ್' ಎಂದು ಇನ್ನೊಂದು. ಮನೆ ಬಿಡಲು ಇಲ್ಲವೇ ಬಿಡಿಸಲು ಕೊಡಬೇಕಾದ ನೋಟಿಸನ್ನು ಎರಡೂ ಕಡೆಗೆ ಎರಡು ತಿಂಗಳು ಮಾಡಿಸಿದೆ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನಿನಲ್ಲಿರುವುದು 15 ದಿನ ಅಷ್ಟೇ. ಮಗಳ ಶಾಲೆ ನಡುವೆ ಇದ್ದಾಗ 15 ದಿನದಲ್ಲಿ ಎಲ್ಲಿಗೆ ಹೋಗೋಣ? ಕರಾರು 11 ತಿಂಗಳಿಗೇ ಮಾಡಿದೆವು. ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು.

ಅಡ್ವಾನ್ಸ್ 60,000 ಬ್ಯಾಂಕಿನಿಂದಲೇ ಕಳಿಸಿದೆ. ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೋ ಮಾಡಿದೆ. ಅಡುಗೆಮನೆ ಗೋಡೆಯ ಬಿರುಕು, ಬಚ್ಚಲಿನ ಒಡೆದ ಟೈಲ್ಸ್, ಸಡಿಲವಾದ ಸ್ವಿಚ್ಚು, ಸಂಪಿನ ಮುಚ್ಚಳ, ಕರೆಂಟ್ ಮೀಟರಿನ ರೀಡಿಂಗ್, ಎಲ್ಲವೂ ಅದರಲ್ಲಿ ಬಂತು. ಆವತ್ತೇ ರಾತ್ರಿ ಅಮ್ಮನ ವಾಟ್ಸಾಪ್‌ಗೆ ಕಳಿಸಿ, 'ಮನೆ ಹೀಗಿದೆ, ನೋಡಿ' ಎಂದು ಬರೆದೆ. 'ಸರಿ' ಎಂದು ಉತ್ತರ ಬಂತು. ಆ ಒಂದು ಪದವನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ಗೃಹಜ್ಯೋತಿಯ ಮಾತೂ ಹೇಳಬೇಕು. ಬಾಡಿಗೆಗೆ ಇರುವವರಿಗೂ ಅದು ಸಿಗುತ್ತದೆ. ಆದರೆ ಹಿಂದಿನವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಬೇಕು.

ಎರಡು ವರ್ಷದ ಮೇಲೆ ಆ ಮನೆಯನ್ನೂ ಬಿಟ್ಟೆವು. ಅಮ್ಮ ಮತ್ತು ನಾನು ವಿಡಿಯೋ ಹಾಕಿಕೊಂಡು ಒಂದೊಂದೇ ಕೋಣೆ ನೋಡಿದೆವು. ಬಿರುಕು ಮೊದಲೇ ಇತ್ತು. ಬಚ್ಚಲಿನ ನಲ್ಲಿ ಮಾತ್ರ ನಮ್ಮಿಂದಲೇ ಮುರಿದಿತ್ತು, ಅದಕ್ಕೆ 600 ಹಿಡಿದುಕೊಳ್ಳಿ ಎಂದು ನಾನೇ ಹೇಳಿದೆ. ಒಂಬತ್ತನೇ ದಿನ 59,400 ಖಾತೆಗೆ ಬಂತು.