ಜಪಾನಿ ನೌಕಾ ಬಾಂಬರ್ ಪೈಲಟ್ ಒಬ್ಬನ ಯುದ್ಧವೃತ್ತಾಂತವನ್ನು ಬರೆಯುವ ಕ್ರಮ

ಬಳ್ಳಾರಿಯ ಹತ್ತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಲೆಕ್ಕ ಬರೆಯುವಾಗ ಮೊದಲು ಕಿರ್ದಿ, ಆಮೇಲೆ ಖತಾವಣಿ ಎಂಬ ಕ್ರಮವನ್ನು ಎಂದೂ ತಪ್ಪುತ್ತಿರಲಿಲ್ಲ. ಅಂದಂದಿನ ವ್ಯವಹಾರ ಅಂದಂದೇ ತಾರೀಖಿನ ಕೆಳಗೆ ಕಿರ್ದಿಗೆ ಇಳಿಯಬೇಕು. ಯಾರ ಹೆಸರಿನಲ್ಲಿ ಏನಿದೆ ಎಂಬ ಖಾತೆ ಅದರಿಂದ ಹುಟ್ಟಬೇಕು. ನೆನಪಿನಿಂದ ನೇರವಾಗಿ ಖಾತೆ ಬರೆದವನ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ಅವರ ಮಾತು. ಎರಡನೆಯ ಮಹಾಯುದ್ಧದ ಯೋಧನೊಬ್ಬನ ಬಗ್ಗೆ ಕಾಲೇಜಿನ ಪ್ರಬಂಧ ಬರೆಯಲು ಹೊರಟು ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ನನ್ನ ಬಳಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವುದೂ ಇದೇ ಕ್ರಮವನ್ನು.

ಉದಾಹರಣೆಗೆ ಎಗುಸಾ ತಕಾಶಿಗೆ ಎಂಬ ಡೈವ್ ಬಾಂಬರ್ ಪೈಲಟ್‌ನನ್ನು ತೆಗೆದುಕೊಳ್ಳೋಣ. ಈತ 1909ರಲ್ಲಿ ಹಿರೋಶಿಮಾ ಪ್ರಾಂತದಲ್ಲಿ ಹುಟ್ಟಿ, ಎತಾಜಿಮಾದ ನೌಕಾ ಅಕಾಡೆಮಿಯಲ್ಲಿ ಕಲಿತು, ಸೋರ್ಯೂ ಎಂಬ ವಿಮಾನವಾಹಕ ನೌಕೆಯಿಂದ ಯುದ್ಧಕ್ಕೆ ಹಾರಿ, 1944ರ ಜೂನ್ 15ರಂದು ಸೈಪಾನ್ ದ್ವೀಪದ ಬಳಿ ಸತ್ತವನು. ಆತ್ಮಕಥೆ ಬರೆಯಲು ಆತ ಉಳಿಯಲಿಲ್ಲ. ಆತನ ಸಮಕಾಲೀನನೂ, 1941ರಲ್ಲಿ ಹವಾಯಿಯ ಅಮೆರಿಕನ್ ನೌಕಾನೆಲೆ ಪರ್ಲ್ ಹಾರ್ಬರ್ ಮೇಲಿನ ದಾಳಿಯ ನಾಯಕನೂ ಆದ ಫುಚಿದಾ ಮಿತ್ಸುಓ 1976ರವರೆಗೆ ಬದುಕಿದ್ದು, ತಾನು ಕಂಡದ್ದನ್ನು ಬಹಳವಾಗಿ ಬರೆದ, ಹೇಳಿದ. ಹೀಗಾಗಿ ನಮಗೆ ತಲುಪಿರುವ ಕಥೆಗಳಲ್ಲಿ ಬದುಕುಳಿದವನ ಧ್ವನಿ ದೊಡ್ಡದಾಗಿದೆ. ಸತ್ತವನ ವೃತ್ತಾಂತವನ್ನು ನಾವು ದಾಖಲೆಗಳಿಂದಲೇ ಕಟ್ಟಬೇಕಾಗುತ್ತದೆ.

ಉದ್ದನೆಯ ಪುಸ್ತಕವೊಂದನ್ನು ತೆಗೆದುಕೊಂಡು ಎರಡೂ ಪುಟಗಳ ಅಗಲಕ್ಕೆ ಆರು ಮನೆಗಳ ಗೆರೆ ಎಳೆಯಿರಿ: ತಾರೀಖು, ನೌಕೆ ಅಥವಾ ನೆಲೆ, ವಿಮಾನ, ಆ ದಿನ ಆತ ವಹಿಸಿದ್ದ ಹೊಣೆ, ಎದುರು ಪಕ್ಷದ ದಾಖಲೆ, ಮತ್ತು ಮಾಹಿತಿ ಬಂದ ಮೂಲ. ಆರನೆಯ ಮನೆ ಖಾಲಿಯಿದ್ದರೆ ಆ ಸಾಲನ್ನು ಪೆನ್ಸಿಲ್ಲಿನಲ್ಲಿ ಮಾತ್ರ ಬರೆಯಿರಿ.

ಹೆಸರಿನ ವಿಷಯದಲ್ಲಿ ಹೆಚ್ಚು ಕಷ್ಟವಿಲ್ಲ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ನಮ್ಮ ಬಳ್ಳಾರಿ ಕಡೆ ಮನೆ ಹೆಸರನ್ನು ಮುಂದಿಟ್ಟು ಹೇಳುವ ರೂಢಿ ಇರುವವರಿಗೆ ಇದು ಹೊಸದೇನೂ ಅಲ್ಲ. ಇಂಗ್ಲಿಷ್ ಪುಸ್ತಕಗಳು ಹಲವೊಮ್ಮೆ ಇದನ್ನು ತಿರುಗಿಸಿ ಅಚ್ಚು ಹಾಕುವುದರಿಂದ ಹುಡುಕುವಾಗ ಎರಡೂ ರೀತಿಯಲ್ಲಿ ಹುಡುಕಬೇಕು.

ಹೊಣೆಯ ಮನೆಯನ್ನು ಮಾತ್ರ ಬಹಳ ಎಚ್ಚರದಿಂದ ತುಂಬಬೇಕು. ಪರ್ಲ್ ಹಾರ್ಬರ್ ದಾಳಿಯ ನಾಯಕನಾದ ಫುಚಿದಾ ಆ ದಿನ ವಿಮಾನ ನಡೆಸುತ್ತಿದ್ದ ಎಂದು ಎಷ್ಟೋ ಕಡೆ ಬರೆದಿರುವುದನ್ನು ಕಾಣುತ್ತೇವೆ. ಆತ ಕುಳಿತಿದ್ದದ್ದು ಮೂವರು ಹೋಗುವ ವಿಮಾನದ ನಡುವಿನ ಆಸನದಲ್ಲಿ, ವೀಕ್ಷಕನಾಗಿ; ವಿಮಾನ ನಡೆಸಿದವನು ಮತ್ಸುಝಾಕಿ ಮಿತ್ಸುಓ. ಜಪಾನಿ ನೌಕಾಪಡೆಯಲ್ಲಿ ವೀಕ್ಷಕನೇ ವಿಮಾನದ ಅಧಿಕಾರಿಯಾಗಿರುವುದು ಸಾಮಾನ್ಯವಾಗಿತ್ತು. ಆದ್ದರಿಂದ ನಾಯಕ ಎಂದ ಮಾತ್ರಕ್ಕೆ ಪೈಲಟ್ ಎಂದು ಬರೆಯಬಾರದು, ಪೈಲಟ್ ಎಂದ ಮಾತ್ರಕ್ಕೆ ನಾಯಕ ಎಂದೂ ಬರೆಯಬಾರದು.

ವಿಮಾನದ ಹೆಸರಿನಲ್ಲಿಯೂ ಇಂಥದೇ ಗೊಂದಲವಿದೆ. ವಾಲ್, ಕೇಟ್, ಬೆಟ್ಟಿ ಎಂಬವು ಮಿತ್ರಪಕ್ಷದವರು ಗುರುತಿಗಾಗಿ ಇಟ್ಟ ಹೆಸರುಗಳೇ ಹೊರತು ಜಪಾನಿ ಸೈನಿಕರು ಬಳಸಿದವಲ್ಲ. ಎಗುಸಾ ಹಾರಿಸಿದ ಡೈವ್ ಬಾಂಬರ್ ಐಚಿ ಕಂಪನಿಯದು, ಮಾದರಿ 99. ಈ 99 ಬಂದದ್ದು ಜಪಾನಿನ ಸಾಮ್ರಾಜ್ಯ ಶಕೆಯ 2599ನೆಯ ವರ್ಷದಿಂದ. ಅದರಲ್ಲಿ 660 ಕಳೆದರೆ 1939 ಸಿಗುತ್ತದೆ. ಇಬ್ಬರು ಕೂರುವ, ಚಕ್ರಗಳನ್ನು ಒಳಕ್ಕೆ ಎಳೆದುಕೊಳ್ಳಲಾಗದ ಈ ವಿಮಾನ ಹೊಟ್ಟೆಯ ಕೆಳಗೆ 250 ಕೆ.ಜಿ. ತೂಕದ ಬಾಂಬ್ ಹೊತ್ತು, ಹಡಗಿನ ಮೇಲೆ ಕಡಿದಾಗಿ ಎರಗುತ್ತಿತ್ತು. ಟಾರ್ಪಿಡೋ ಒಯ್ಯುವ ಮೂವರ ವಿಮಾನವನ್ನು ಜಪಾನಿ ನೌಕಾಪಡೆ ಬೇರೆ ವರ್ಗದಲ್ಲಿಟ್ಟು, ಬಾಂಬರ್ ಎನ್ನದೆ ದಾಳಿ ವಿಮಾನ ಎಂದು ಕರೆಯುತ್ತಿತ್ತು. ಇನ್ನು 1941ರ ಡಿಸೆಂಬರ್ 10ರಂದು ಮಲಯಾದ ಕಡಲಿನಲ್ಲಿ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಹಡಗುಗಳನ್ನು ಮುಳುಗಿಸಿದವರು ನೌಕಾಪಡೆಯವರೇ ಆದರೂ ನೆಲದ ಮೇಲಿನ ನೆಲೆಗಳಿಂದ ಹಾರಿದವರು. ನಿಮ್ಮ ಪೈಲಟ್ ಯಾವ ವರ್ಗದವನು ಎಂಬುದು ತಿಳಿಯದೆ ಮುಂದೆ ಹೋಗಬೇಡಿ.

ತಾರೀಖಿನ ಮನೆಗೆ ಒಂದು ನಿಯಮವಿದೆ. ಜಪಾನಿ ನೌಕಾಪಡೆ ಎಲ್ಲಿದ್ದರೂ ಟೋಕಿಯೋ ಸಮಯವನ್ನೇ ಬರೆಯುತ್ತಿತ್ತು. ಪರ್ಲ್ ಹಾರ್ಬರ್ ದಾಳಿಯಲ್ಲಿ, ಹವಾಯಿಯಲ್ಲಿ ಡಿಸೆಂಬರ್ 7ರ ಬೆಳಿಗ್ಗೆ 7:55 ಆಗಿದ್ದಾಗ ಟೋಕಿಯೋದಲ್ಲಿ ಡಿಸೆಂಬರ್ 8ರ ನಸುಕಿನ 3:25 ಆಗಿತ್ತು. 1942ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿ ನಡೆದ ಕದನ ಅಮೆರಿಕದ ದಾಖಲೆಯಲ್ಲಿ ಜೂನ್ 4, ಜಪಾನಿನದರಲ್ಲಿ ಜೂನ್ 5. ಒಂದೇ ಘಟನೆಯನ್ನು ಎರಡು ದಿನಗಳೆಂದು ಎಣಿಸಿ ಎರಡು ದಾಳಿ ಬರೆದವರನ್ನು ನಾನು ಬಲ್ಲೆ. ವರ್ಷವೂ ಆಗಿನ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಶೋವಾ ಶಕೆಯಲ್ಲಿರುತ್ತದೆ. ಶೋವಾ 17ಕ್ಕೆ 1925 ಕೂಡಿಸಿದರೆ 1942.

ಇಷ್ಟು ಸಿದ್ಧತೆಯಾದ ಮೇಲೆ ಮೊದಲ ಸಾಲನ್ನು ಬರೆಯಬಹುದು. ಪರ್ಲ್ ಹಾರ್ಬರಿನ ಎರಡನೆಯ ಅಲೆಯಲ್ಲಿ ಹಾರಿದ 167 ವಿಮಾನಗಳಲ್ಲಿ ಡೈವ್ ಬಾಂಬರ್‌ಗಳು 78. ಅವುಗಳ ನಾಯಕ ಎಗುಸಾ. ಆ ದಿನ ಜಪಾನ್ ಕಳೆದುಕೊಂಡ 29 ವಿಮಾನಗಳಲ್ಲಿ 20 ಈ ಎರಡನೆಯ ಅಲೆಯವು. ಎಚ್ಚೆತ್ತ ಶತ್ರುವಿನ ಮೇಲೆ ಹೋದವರ ಪಾಡು ಈ ಒಂದು ಅಂಕಿಯಿಂದ ತಿಳಿಯುತ್ತದೆ. ಅದಕ್ಕೆ ವರ್ಣನೆ ಸೇರಿಸಬೇಕಿಲ್ಲ.

1942ರ ಏಪ್ರಿಲ್ ನಮ್ಮ ಸೀಮೆಗೆ ಹತ್ತಿರದ ಅಧ್ಯಾಯ, ನಾನು ಸ್ವತಃ ಎಡವಿದ ಅಧ್ಯಾಯವೂ ಹೌದು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ರಾಯಚೂರು, ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿದ್ದವು. ಆ ಬೇಸಿಗೆಯಲ್ಲಿ ಮದರಾಸು ಬಿಟ್ಟ ನೆಂಟರು ಗುಂತಕಲ್ಲಿನ ರೈಲಿನಲ್ಲಿ ಪಾತ್ರೆ, ಹಾಸಿಗೆ ಸಮೇತ ನಮ್ಮ ಮನೆಗೆ ಬಂದಿಳಿದದ್ದನ್ನು ಅಜ್ಜಿ ಕೊನೆಯವರೆಗೂ ‘ಬಾಂಬಿನ ವರ್ಷ’ ಎಂದೇ ನೆನೆಯುತ್ತಿದ್ದರು. ಆ ನೆನಪಿನ ಭರದಲ್ಲಿ ನಾನು ನನ್ನ ಮೊದಲ ಲೇಖನದಲ್ಲಿ, ಪರ್ಲ್ ಹಾರ್ಬರಿಗೆ ಬಾಂಬ್ ಹಾಕಿದವರೇ ವಿಶಾಖಪಟ್ಟಣಕ್ಕೂ ಹಾಕಿದರು ಎಂದು ಬರೆದುಬಿಟ್ಟೆ. ಅದು ತಪ್ಪು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಂದ ವಿಮಾನಗಳು ರ್ಯೂಜೋ ಎಂಬ ಸಣ್ಣ ವಿಮಾನವಾಹಕ ನೌಕೆಯವು. ಆ ನೌಕೆ ಬಂಗಾಳ ಕೊಲ್ಲಿಯಲ್ಲಿ ಅಡ್ಮಿರಲ್ ಒಝಾವಾ ಅವರ ಪಡೆಯ ಜೊತೆಗಿತ್ತು, ಪರ್ಲ್ ಹಾರ್ಬರಿಗೆ ಅದು ಹೋಗಿಯೇ ಇರಲಿಲ್ಲ. ಎಗುಸಾ ಇದ್ದದ್ದು ಅಡ್ಮಿರಲ್ ನಾಗುಮೊ ಅವರ ದೊಡ್ಡ ಪಡೆಯಲ್ಲಿ, ಸಿಂಹಳದ ದಕ್ಷಿಣಕ್ಕೆ. ನೌಕೆಯ ಮನೆಯನ್ನು ಮೊದಲೇ ತುಂಬಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಏಪ್ರಿಲ್ 5, ಈಸ್ಟರ್ ಭಾನುವಾರ. ಬೆಳಿಗ್ಗೆ ಕೊಲಂಬೋ ಮೇಲಿನ ದಾಳಿಯ ನಾಯಕ ಫುಚಿದಾ. ಮಧ್ಯಾಹ್ನ, ಡಾರ್ಸೆಟ್‌ಶೈರ್ ಮತ್ತು ಕಾರ್ನ್‌ವಾಲ್ ಎಂಬ ಬ್ರಿಟಿಷ್ ಕ್ರೂಸರ್‌ಗಳು ಕಣ್ಣಿಗೆ ಬಿದ್ದ ಸುದ್ದಿ ಬಂದಾಗ ಹೊರಟ 53 ಡೈವ್ ಬಾಂಬರ್‌ಗಳ ನಾಯಕ ಎಗುಸಾ. ಅಕಾಗಿ, ಹಿರ್ಯೂ, ಸೋರ್ಯೂ ನೌಕೆಗಳಿಂದ ಎದ್ದ ಈ ವಿಮಾನಗಳು ಎರಡೂ ಹಡಗುಗಳನ್ನು ಸ್ವಲ್ಪ ಹೊತ್ತಿನಲ್ಲೇ ಮುಳುಗಿಸಿದವು. ಇಲ್ಲಿ ಐದನೆಯ ಮನೆಯನ್ನು ಖಾಲಿ ಬಿಡುವುದು ಅನ್ಯಾಯ. ಬ್ರಿಟಿಷ್ ಲೆಕ್ಕದ ಪ್ರಕಾರ ಸತ್ತವರು 424 ಜನ. ಮರುದಿನದವರೆಗೂ ಉಷ್ಣವಲಯದ ಬಿಸಿಲಿನಲ್ಲಿ, ಎಣ್ಣೆ ಹರಡಿದ ನೀರಿನಲ್ಲಿ ತೇಲುತ್ತಿದ್ದು ಬದುಕಿದವರು 1,122 ಜನ. ದಾಳಿ ಮಾಡಿದವರು ಮೇಲಿನಿಂದ ಎಣಿಸಿದ ಪೆಟ್ಟುಗಳ ಸಂಖ್ಯೆಯನ್ನು ಮಾತ್ರ ಬರೆದು, ಗುರಿಯ ಕುಶಲತೆಯನ್ನು ಹೊಗಳಿ ಮುಗಿಸಿದ ಲೇಖನಗಳನ್ನು ಓದಿದಾಗ ನನಗೆ ನೋವಾಗುತ್ತದೆ. ಆ ಕುಶಲತೆ ನಿಜ. ಅದರ ಕೆಳಗಿದ್ದ ಮನುಷ್ಯರೂ ಅಷ್ಟೇ ನಿಜ.

ಇಂಥ ಸಾಲುಗಳಿಗೆ ಮೂಲ ಎಲ್ಲಿ ಸಿಗುತ್ತದೆ? ಜಪಾನಿ ನೌಕಾಪಡೆಯ ವಿಮಾನದಳಗಳು ಪ್ರತಿ ಕಾರ್ಯಾಚರಣೆಯ ನಂತರ ತಖ್ತೆಯೊಂದನ್ನು ತುಂಬುತ್ತಿದ್ದವು. ಯಾವ ವಿಮಾನದಲ್ಲಿ ಯಾರು ಯಾರು, ಎದ್ದ ಹೊತ್ತು, ಇಳಿದ ಹೊತ್ತು, ಬಳಸಿದ ಬಾಂಬು, ಆದ ನಷ್ಟ, ಇವು ಅದರಲ್ಲಿರುತ್ತವೆ. ಅಕ್ಷರಶಃ ಅದು ಯುದ್ಧದ ಕಿರ್ದಿ. ಉಳಿದುಬಂದವುಗಳನ್ನು ಟೋಕಿಯೋದ ರಕ್ಷಣಾ ಅಧ್ಯಯನ ಸಂಸ್ಥೆ ಕಾಪಾಡಿದೆ. ಏಷ್ಯಾ ಐತಿಹಾಸಿಕ ದಾಖಲೆಗಳ ಜಪಾನ್ ಕೇಂದ್ರವು 2001ರಿಂದ ಇಂಥ ದಾಖಲೆಗಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಕೊಪ್ಪಳದ ಹಳ್ಳಿಯಲ್ಲಿ ಕುಳಿತ ವಿದ್ಯಾರ್ಥಿಯೂ ಫೋನಿನಲ್ಲೇ ಅವನ್ನು ನೋಡಬಹುದು. ಕೈಬರಹದ ಜಪಾನಿ ಓದುವುದು ಕಷ್ಟ. ಮೊದಲಿಗೆ ಅಂಕಿಗಳು, ಹಡಗುಗಳ ಹೆಸರು, ನಿಮ್ಮ ಪೈಲಟ್‌ನ ಹೆಸರಿನ ಅಕ್ಷರಗಳು, ಇಷ್ಟನ್ನು ಗುರುತಿಸಲು ಕಲಿತರೆ ಸಾಕು. ಮೊಬೈಲಿನ ಅನುವಾದವನ್ನು ಕೈಬರಹಕ್ಕೆ ನಂಬಬೇಡಿ.

ಈ ತಖ್ತೆಗಳ ಬೆಲೆ ಎಷ್ಟೆಂಬುದಕ್ಕೆ ಮಿಡ್‌ವೇ ಸಾಕ್ಷಿ. ಅಮೆರಿಕದ ಬಾಂಬುಗಳು ಬಿದ್ದಾಗ ಜಪಾನಿ ನೌಕೆಗಳ ಅಟ್ಟದ (ವಿಮಾನಗಳು ಏರಿಳಿಯುವ ಮೇಲಿನ ಡೆಕ್ಕಿನ) ತುಂಬ ಹಾರಲು ಸಿದ್ಧವಾದ ದಾಳಿ ವಿಮಾನಗಳಿದ್ದವು, ಇನ್ನು ಐದು ನಿಮಿಷ ಸಿಕ್ಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂದು ಫುಚಿದಾ ಬರೆದ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆ ದಿನ ಅಕಾಗಿ ನೌಕೆಯಲ್ಲೇ ಇದ್ದವನ ಮಾತಾದ್ದರಿಂದ ಜಗತ್ತು ಹಲವು ದಶಕ ಅದನ್ನು ನಂಬಿತು. ಕಾವಲು ಫೈಟರ್‌ಗಳು ಎದ್ದ, ಇಳಿದ ಹೊತ್ತುಗಳನ್ನು ತಖ್ತೆಗಳಿಂದ ತೆಗೆದು ಜೋಡಿಸಿದ ಸಂಶೋಧಕರು, ಅಟ್ಟ ಆ ಫೈಟರ್‌ಗಳ ಕೆಲಸಕ್ಕೇ ಬಳಕೆಯಾಗುತ್ತಿತ್ತು, ದಾಳಿ ವಿಮಾನಗಳು ಹೆಚ್ಚಾಗಿ ಕೆಳಗಿನ ಹ್ಯಾಂಗರ್‌ನಲ್ಲಿದ್ದವು ಎಂದು ತೋರಿಸಿದರು. ಪ್ರತ್ಯಕ್ಷದರ್ಶಿಯ ಬರಹವನ್ನು ಓದಬೇಕು, ಆದರೆ ಪೆನ್ಸಿಲ್ಲಿನ ಸಾಲಾಗಿ.

ಅದೇ ದಿನ ಸೋರ್ಯೂ ಮುಳುಗಿತು. ಎಗುಸಾ ಸುಟ್ಟ ಗಾಯಗಳಿಂದ ನರಳಿದ. ಅಲ್ಲಿಂದ ಮುಂದೆ ಆತನ ಕಿರ್ದಿಯಲ್ಲಿ ಸಾಲುಗಳು ವಿರಳವಾಗುತ್ತವೆ. ಅವನ್ನು ಊಹೆಯಿಂದ ತುಂಬಬೇಡಿ, ಗೆರೆ ಎಳೆದು ಬಿಡಿ.

ಕೊನೆಯ ಸಾಲು 1944ರ ಜೂನ್ 15. ಸೈಪಾನ್ ಮೇಲೆ ಅಮೆರಿಕದ ಸೈನಿಕರು ಇಳಿದ ದಿನ. ದಳ, 521ನೆಯದು. ವಿಮಾನ, ಎರಡು ಎಂಜಿನ್ನಿನ, ಮೂವರು ಕೂರುವ ಗಿಂಗಾ. ಆ ಹೆಸರಿಗೆ ನಮ್ಮ ಭಾಷೆಯಲ್ಲಿ ಸರಿಯಾದ ಮಾತು ಆಕಾಶಗಂಗೆ. ಅಮೆರಿಕದ ನೌಕಾಬಲದ ಮೇಲೆ ಹೋದ ಆತ ಹಿಂದಿರುಗಲಿಲ್ಲ. ದರ್ಜೆಯನ್ನು ಬರೆಯುವಾಗ ಆ ದಿನ ಇದ್ದದ್ದನ್ನೇ ಬರೆಯಿರಿ. ಸತ್ತ ಮೇಲೆ ಕೊಡುವ ಬಡ್ತಿಯನ್ನು ಹಿಂದಿನ ಸಾಲುಗಳಿಗೆ ಸೇರಿಸದೆ ಕೆಳಗೆ ಬೇರೆಯಾಗಿ ನಮೂದಿಸಿ. ಅದೇ ವಿಮಾನದಲ್ಲಿದ್ದ ಉಳಿದಿಬ್ಬರ ಹೆಸರು ತಖ್ತೆಯಲ್ಲಿ ಸಿಕ್ಕರೆ, ಅವರಿಗೂ ಒಂದೊಂದು ಪುಟ ತೆರೆಯಿರಿ.